ಸೀತಾಳೆ ದಂಡೆ ಬಂದಳಿಕೆಯಲ್ಲ

ಮಳೆಗಾಲಕ್ಕೆ ಮುನ್ನ ಮರಗಸಿ ಮಾಡಿಸುವಾಗ ಮರದ ಮೇಲಿನ ಬಂದಳಿಕೆಯನ್ನೆಲ್ಲ ಸವರಿಸಿದೆವೆಂದು ಬೆಳೆಗಾರ ಬಾಂಧವರು ಸಮಾಧಾನದಿಂದ ಹೇಳುವುದುಂಟು. ಬಂದಳಿಕೆಯನ್ನು ತೆಗೆಸಬೇಕಾದದ್ದೇ. ಆದರೆ ಅದರೊಡನೆ ಸೀತಾಳೆ ದಂಡೆಯೂ ಕತ್ತಿಯ ಬಾಯಿಗೆ ಹೋಗುತ್ತಿರುವುದು ನಮಗೆ ಸರಿಕಾಣದು.

ಬಂದಳಿಕೆಯ ಬೇರು ಕೊಂಬೆಯೊಳಗೆ ಇಳಿದು ಮರದ ರಸವನ್ನೇ ಹೀರುತ್ತದೆ. ಸೀತಾಳೆಯ ಬೇರು ತೊಗಟೆಯನ್ನು ತಬ್ಬಿರುತ್ತದೆಯೇ ಹೊರತು ಒಳಹೊಗುವುದಿಲ್ಲ. ಬೇರಿನ ಮೇಲಿನ ಬೂದುಬಿಳಿ ಪದರವೇ ಮಳೆ, ಇಬ್ಬನಿಯ ನೀರನ್ನು ಹಿಡಿದುಕೊಳ್ಳುತ್ತದೆ. ದಪ್ಪನೆಯ ಪಟ್ಟಿಯಂಥ ಎಲೆಗಳು ಎರಡು ಸಾಲಾಗಿ ಜೋಡಿಸಿದಂತಿದ್ದು, ಬಿಳಿ ಬೇರುಗಳು ಗಾಳಿಯಲ್ಲಿ ಜೋತಿದ್ದರೆ ಅದು ಸೀತಾಳೆ.

ಮೇ–ಜೂನ್ ಹೊತ್ತಿಗೆ ಬಿಳಿಯ ಮೇಲೆ ನೇರಳೆ ಚುಕ್ಕಿಯ ನೂರಕ್ಕೂ ಮಿಕ್ಕಿದ ಹೂಗಳು ಒಂದೇ ಗೊನೆಯಲ್ಲಿ ನರಿಬಾಲದಂತೆ ಇಳಿಬೀಳುತ್ತವೆ. ಹಿತವಾದ ಪರಿಮಳ. ಕಟ್ಟುವ ಗೋಜಿಲ್ಲ, ದಂಡೆ ಮರದಲ್ಲೇ ಸಿದ್ಧವಾಗಿ ಬರುತ್ತದೆ! ವನವಾಸದಲ್ಲಿ ಸೀತೆ ಮುಡಿದ ಹೂವೆಂಬ ಭಾವ ಆ ಹೆಸರಿನಲ್ಲಿದೆ. ದ್ರೌಪದಿ ಮಾಲೆಯೆಂದೂ ಕರೆಯುತ್ತಾರೆ. ಮರಾಠಿಯವರಿಗೆ ಇದು ಸೀತೆಯ ವೇಣಿ. ಅಸ್ಸಾಮಿನಲ್ಲಿ ಇದೇ ರಾಜ್ಯದ ಹೂವು, ಬಿಹು ಕುಣಿತದ ಹೆಣ್ಣುಮಕ್ಕಳ ಮುಡಿಗೆ ಬೇಕೇ ಬೇಕು. ಅರಮನೆ ಬಿಟ್ಟು ಕಾಡು ಸೇರಿದ ಇಬ್ಬರು ತಾಯಂದಿರ ಹೆಸರನ್ನು ನೆಲದ ಹಂಗಿಲ್ಲದೆ ಬದುಕುವ ಹೂವಿಗೆ ಇಟ್ಟ ಹಿರಿಯರ ಕಣ್ಣು ಸಾಮಾನ್ಯದ್ದಲ್ಲ.

ಮೆಣಸಿನಕಾಯಿ ಘಾಟಿನ ಬ್ಯಾಡಗಿಯಲ್ಲಿ ಈ ಮಾತೇಕೆಂದು ಓದುಗರು ಕೇಳಬಹುದು. ಇಲ್ಲಿಂದ ಪಡುವಣಕ್ಕೆ ಹಾನಗಲ್ಲು ದಾಟಿ ಶಿರಸಿಯ ಕಡೆಗೆ ಹೋದರೆ ಹಳೆಯ ಹಲಸು, ಮಾವಿನ ಮರಗಳ ಮೇಲೆ ಇದನ್ನು ಕಾಣಬಹುದು. ಏಲಕ್ಕಿಯನ್ನೇ ಮಾಲೆ ಕಟ್ಟುವ ಹಾವೇರಿ ಸೀಮೆಯವರಿಗೆ ಕಂಪಿನ ಬೆಲೆ ಬೇರೆ ಹೇಳಬೇಕೆ?

ಬೆಲೆಯೆಂದಾಗ ವೆನಿಲಾ ನೆನಪಾಗುತ್ತದೆ. ಅದೂ ಆರ್ಕಿಡ್ ಕುಟುಂಬದ್ದೇ. 2003ರ ಸುಮಾರಿಗೆ ಅದರ ಕೋಡಿಗೆ ಕಿಲೋಗೆ ಸಾವಿರಾರು ರೂಪಾಯಿ ಬಂದಾಗ ಬಳ್ಳಿಗೆ ರಾತ್ರಿ ಕಾವಲು ಕುಳಿತವರು ನಮ್ಮ ಬೆಳೆಗಾರರೇ. ದರ ಬಿದ್ದ ಮೇಲೆ ಅದನ್ನು ಕೇಳುವವರಿಲ್ಲವಾಯಿತು. ಸೀತಾಳೆಗೆ ಮಾರುಕಟ್ಟೆ ದರವಿಲ್ಲ. ಅದಕ್ಕೇ ಕತ್ತಿಗೆ ಸಸಾರವಾಗಿದೆ. ಆದರೆ ಅದರ ಬೀಜ ಧೂಳಿನಷ್ಟು ಸಣ್ಣದು, ಒಳಗೆ ಆಹಾರದ ದಾಸ್ತಾನಿಲ್ಲ. ತಕ್ಕ ಶಿಲೀಂಧ್ರದ ನೆರವು ಸಿಕ್ಕರಷ್ಟೇ ಮೊಳೆಯುತ್ತದೆ. ಹೂ ಬಿಡಲು ವರ್ಷಗಳೇ ಬೇಕು. ಹಳೆಯ ಕಾಡುಮರ ಕಡಿದು ಸಿಲ್ವರ್ ಓಕ್ ಒಂದನ್ನೇ ನೆಟ್ಟ ತೋಟದಲ್ಲಿ ಅದು ಎಲ್ಲಿ ನಿಲ್ಲಬೇಕು?

ಕೊಂಬೆ ಕಡಿಯಲೇಬೇಕಾದರೆ ಗಿಡವನ್ನು ತೊಗಟೆ ಸಹಿತ ಇಳಿಸಿ, ಮಳೆ ಹಿಡಿಯುವ ಹೊತ್ತಿಗೆ ಒರಟು ತೊಗಟೆಯ ಬೇರೆ ಮರಕ್ಕೆ ತೆಂಗಿನ ನಾರಿನಿಂದ ಕಟ್ಟಿರಿ. ಮಣ್ಣಿನಲ್ಲಿ ಹೂಳಿದರೆ ಬೇರು ಕೊಳೆಯುತ್ತದೆ. ನಮ್ಮ ಬಯಲಿನ ಕಡೆ ನೆರಳಿನಲ್ಲಿ ತೂಗುಹಾಕಿ ಬೇಸಿಗೆಯ ಬೆಳಿಗ್ಗೆ ನೀರು ಚಿಮುಕಿಸಬೇಕು. ಅಡಿಕೆಗೆ ಬೋರ್ಡೋ ಹೊಡೆಯುವಾಗ ಇದರ ಮೇಲೆ ಬೀಳದಿರಲಿ, ಮೈಲುತುತ್ತದ ತಾಮ್ರ ಆರ್ಕಿಡ್‌ಗಳಿಗೆ ಒಗ್ಗದು. ಕಾಡಿನಿಂದ ಕಿತ್ತು ತರುವುದಂತೂ ಬೇಡವೇ ಬೇಡ. ಮರಗಸಿಯ ಆಳುಗಳಿಗೆ ಮರ ಹತ್ತುವ ಮೊದಲೇ ಗಿಡವನ್ನು ತೋರಿಸಿ ಹೇಳಿರಿ. ಮೇಲೇರಿದ ಮೇಲೆ ಕೆಳಗಿನಿಂದ ಕೂಗಿದ್ದು ಕತ್ತಿಯ ಸದ್ದಿನಲ್ಲಿ ಕೇಳಿಸದು.