250ಕ್ಕೆ ಎಂಟು, 275ಕ್ಕೆ ಹದಿನಾರು

ಮುಖರ್ಜಿ ನಗರದಲ್ಲಿ ಯಾರನ್ನು ಮಾತಾಡಿಸಿದರೂ ಅಂಕಗಳ ಲೆಕ್ಕ. ಈ ಸಲದ ಅಂಕಣಕ್ಕೆ ಆ ಅಂಕಗಳನ್ನೇ ಕಡ ತಂದಿದ್ದೇನೆ.

ಯುಪಿಎಸ್‌ಸಿ ನಾಗರಿಕ ಸೇವಾ ಮುಖ್ಯ ಪರೀಕ್ಷೆಯಲ್ಲಿ ರ‍್ಯಾಂಕಿಗೆ ಲೆಕ್ಕವಾಗುವ ಪ್ರತಿ ಪತ್ರಿಕೆಗೂ 250 ಅಂಕ. ಎಂಟು ಬಿಟ್‌ಗಳಲ್ಲಿ 0ರಿಂದ 255ರವರೆಗೆ ಹಿಡಿಸಬಹುದು, ಹಾಗಾಗಿ ಒಂದು ಬೈಟ್ ಸಾಕು. ಸಂದರ್ಶನಕ್ಕೆ 275. ಇದಕ್ಕೆ ಒಂಬತ್ತು ಬಿಟ್ ಬೇಕು. ಆದರೆ ಸಾಮಾನ್ಯವಾಗಿ ಸಿಗುವ ಡೇಟಾ ಟೈಪ್‌ಗಳು 8, 16, 32, 64 ಬಿಟ್‌ನವು ಮಾತ್ರ. ಚಪ್ಪಲಿ ಕೊಂಡ ಹಾಗೆ, ಕಾಲಿಗೆ ಚಿಕ್ಕದಾಗದ ಮೊದಲ ಅಳತೆಯನ್ನು ಆರಿಸಬೇಕು: 16. ಒಟ್ಟು 2025 ಅಂಕಕ್ಕೆ 11 ಬಿಟ್, ಅದಕ್ಕೂ 16. ಇಲ್ಲಿನ ಪಿನ್‌ಕೋಡ್ 110009ಕ್ಕೆ 17 ಬಿಟ್, ಆದ್ದರಿಂದ 32.

ಪರೀಕ್ಷೆಯ ಓದು ನಿಲ್ಲಿಸಿ ಕೋಡಿಂಗ್ ಕಲಿಯುತ್ತಿರುವ ದಾವಣಗೆರೆ ಕಡೆಯ ಹುಡುಗನೊಬ್ಬ ಈ ಆಯ್ಕೆಗೆ ಕೋಡ್ ಬರೆದು ತಂದಿದ್ದ. ಅವನಿಗೆ ಮುಂದಿನ ವಾರ ಕೆಲಸದ ಸಂದರ್ಶನ. ಕೋಡ್ ಹೀಗಿತ್ತು: ಬಿಟ್‌ಗಳು 8ಕ್ಕಿಂತ ಕಡಿಮೆಯಿದ್ದರೆ 8, 8ಕ್ಕಿಂತ ಹೆಚ್ಚು, 16ಕ್ಕಿಂತ ಕಡಿಮೆಯಿದ್ದರೆ 16, ಹೀಗೇ ಮುಂದುವರಿದು, ಯಾವುದೂ ಅಲ್ಲದಿದ್ದರೆ 64. ಸರಿಯಾಗಿ 8 ಇದ್ದರೆ? ಯಾವ ಮೆಟ್ಟಿಲಲ್ಲೂ ನಿಲ್ಲದೆ ಕೊನೆಗೆ ಜಾರುತ್ತದೆ. 250 ಅಂಕಕ್ಕೆ ಎಂಟು ಬೈಟ್! ಫೈಲನ್ನು ಓದುವ ಪ್ರೋಗ್ರಾಂ ಒಂದೇ ಬೈಟ್ ನಿರೀಕ್ಷಿಸಿದ್ದರೆ ಮುಂದಿನ ಅಂಕಗಳೆಲ್ಲ ಅದಲುಬದಲು.

ಮೊದಲು ಅವನಿಗೆ ಸೂತ್ರವೊಂದು ಹೊಳೆಯಿತು: ಎರಡರ ಮುಂದಿನ ಘಾತಕ್ಕೆ ಏರಿಸುವುದು. 9ಕ್ಕೆ 16, 17ಕ್ಕೆ 32 ಸರಿಯಾಗಿಯೇ ಬರುತ್ತದೆ. ಆದರೆ 3ಕ್ಕೆ 4, 65ಕ್ಕೆ 128 ಎನ್ನುತ್ತದೆ. ಎರಡೂ ತುದಿಗೆ ಬೇಲಿ ಕಟ್ಟಬೇಕು.

ನನಗೆ ಹಿಡಿಸುವುದು ಪಟ್ಟಿ. 8, 16, 32, 64 ಎಂದು ಏರಿಕೆಯಲ್ಲಿ ಬರೆದು, ಒಂದೊಂದನ್ನೂ ‘ಇಷ್ಟು ಸಾಕೇ?’ ಎಂದು ಕೇಳಿ. ಮೊದಲು ಹೌದೆಂದದ್ದೇ ಉತ್ತರ. 16ರ ಹತ್ತಿರ ಬಂದಿದ್ದೇವೆ ಎಂದರೆ 8 ಸಾಲಲಿಲ್ಲ ಎಂದೇ ಅರ್ಥ, ಹಾಗಾಗಿ ‘8ಕ್ಕಿಂತ ಹೆಚ್ಚು’ ಎಂಬ ಷರತ್ತೇ ಬೇಡ. ಯಾವುದೂ ಸಾಲದಿದ್ದರೆ ಎರರ್ ಕೊಡಿ, ಸುಮ್ಮನೆ 64 ಕೊಡಬೇಡಿ. ಚಿಕ್ಕ ಡಬ್ಬಿಗೆ ತುರುಕಿದರೆ ಏನಾಗುತ್ತದೆ ನೋಡಿ: 900 ಕೋಟಿಯನ್ನು ಋಣ ಚಿಹ್ನೆಯಿಲ್ಲದ 32 ಬಿಟ್‌ಗೆ ಹಾಕಿದರೆ ಉಳಿಯುವುದು 41,00,65,408.

ಬಿಟ್ ಎಣಿಸಲು ಲಾಗ್ ಬಳಸುವವರು ಎಚ್ಚರ. ಎರಡರ ಆಧಾರದಲ್ಲಿ 256ರ ಲಾಗ್ 8, ಬೇಕಾದದ್ದು 9 ಬಿಟ್. ಪೈಥಾನ್‌ನಲ್ಲಿ ‘ಬಿಟ್ ಲೆಂತ್’ ಇದಕ್ಕೆಂದೇ ಇದೆ.

ಕೋಡ್ ಬರೆದಾದ ಮೇಲೆ 8, 9, 16, 17, 32, 33, 64, 65 ಕೊಟ್ಟು ಓಡಿಸಿ. ಹುಡುಗ ಆ ರಾತ್ರಿಯೇ ಓಡಿಸಿದ. 65ಕ್ಕೆ ಎರರ್ ಬಂತೆಂದು ಖುಷಿಯಿಂದ ಫೋನ್ ಮಾಡಿದ್ದ.