ದುರ್ಬೀನು ಯಾರ ಕೈಯಲ್ಲಿರಬೇಕು?

"ಅಮೆರಿಕಾದಾಗ ಸರ್ಕಾರನ ಲೈಸೆನ್ಸ್ ಕೊಟ್ಟು ಜಿಂಕಿ ಹೊಡಿಯಾಕ ಬಿಡ್ತೈತಿ. ನಮ್ಮಲ್ಲಿ ಮಾತ್ರ ಯಾಕ ಜೈಲು?"

ಎರೆಸೀಮೆಯ ಚಹಾದಂಗಡಿಗಳಲ್ಲಿ ಈ ಪ್ರಶ್ನೆ ಈಗ ಪದೇ ಪದೇ ಕಿವಿಗೆ ಬೀಳುತ್ತಿದೆ. ಕೇಳುವವರ ಕೈಯಲ್ಲಿ ಮೊಬೈಲು, ಮೊಬೈಲಿನಲ್ಲೊಂದು ವಿಡಿಯೊ. ಬೋಳು ಗುಡ್ಡದ ನೆತ್ತಿಯಲ್ಲಿ ಒಬ್ಬ ಕೂತಿದ್ದಾನೆ. ಮುಂದೆ ಮೂರು ಕಾಲಿನ ಸ್ಟ್ಯಾಂಡು, ಅದರ ಮೇಲೆ ದೊಡ್ಡ ದುರ್ಬೀನು. ಎರಡು ಕಿಲೋಮೀಟರ್ ಆಚೆಯ ಜಿಂಕೆ ಕೈಗೆ ಸಿಗುವಂತೆ ಕಾಣುತ್ತದೆ. ಕೊನೆಗೊಂದು ಗುಂಡಿನ ಸದ್ದು, ಹಿನ್ನೆಲೆಗೆ ಹಾಡು. ನಮ್ಮ ಹುಡುಗರಿಗೆ ಅಷ್ಟು ಸಾಕು. ಮರುದಿನವೇ "ಸ್ಕೋಪ್ ಎಷ್ಟಕ್ಕ ಸಿಗತೈತಿ?" ಎಂದು ಹುಡುಕಾಟ ಶುರು.

ಆ ವಿಡಿಯೊಗಳನ್ನು ನಾನು ಮೊದಲಿನಿಂದ ಕೊನೆಯವರೆಗೆ ಕೂತು ನೋಡಿದ್ದೇನೆ. ಅವನ್ನು ತೋರಿಸಿ ನ್ಯಾಯ ಕೇಳುವವರು ನೋಡಿದ್ದು ಕೊನೆಯ ಅರ್ಧ ನಿಮಿಷ. ಅದಕ್ಕೆ ಮೊದಲಿನ ಭಾಗ ಅವರಿಗೆ ಬೇಸರ. ಆದರೆ ವಿಷಯವೆಲ್ಲ ಇರುವುದು ಆ ಬೇಸರದ ಭಾಗದಲ್ಲೇ.

ಅಮೆರಿಕದ ವಯೋಮಿಂಗ್ ರಾಜ್ಯವನ್ನು ತೆಗೆದುಕೊಳ್ಳಿ. ಮರ ಕಡಿಮೆ, ಕುರುಚಲು ಗಿಡ ಹೆಚ್ಚು, ಕಣ್ಣು ಹಾಯುವಷ್ಟು ದೂರ ಬಯಲು. ಹೇಸರಗತ್ತೆಯಂತೆ ಅಗಲ ಕಿವಿಯ ಮ್ಯೂಲ್ ಡೀರ್ ಎಂಬ ಜಿಂಕೆ ಅಲ್ಲಿನದು. ಬಯಲಿನಲ್ಲಿ ಪ್ರಾಣಿಗೂ ಮನುಷ್ಯ ದೂರದಿಂದಲೇ ಕಾಣುತ್ತಾನೆ, ಹಾಗಾಗಿ ಅಲೆದಾಡಿ ಬೇಟೆ ಸಿಗುವುದಿಲ್ಲ. ಬೇಟೆಗಾರ ಬೆಳಕು ಹರಿಯುವ ಮೊದಲೇ ಎತ್ತರದ ಜಾಗ ಹತ್ತಿ ಕೂರುತ್ತಾನೆ. ಮೊದಲು ಕೊರಳಲ್ಲಿ ತೂಗುವ ಬೈನಾಕ್ಯುಲರ್ ಹಿಡಿದು ಎದುರಿನ ಇಳಿಜಾರನ್ನು ಪಟ್ಟಿ ಪಟ್ಟಿಯಾಗಿ, ಎಡದಿಂದ ಬಲಕ್ಕೆ, ಹೊಲದಲ್ಲಿ ಎಡೆ ಹೊಡೆದಂತೆ ನೋಡುತ್ತ ಹೋಗುತ್ತಾನೆ. ಇಡೀ ಜಿಂಕೆ ಕಾಣಲಿ ಎಂದು ಕಾಯುವುದಿಲ್ಲ. ಪೊದೆಯ ನೆರಳಲ್ಲಿ ಅಲುಗಿದ ಕಿವಿ, ಕೊಂಬಿನ ತುದಿ, ಬಿಳಿಯ ಹಿಂಭಾಗ, ಇಷ್ಟನ್ನು ಹುಡುಕುತ್ತಾನೆ. ಅನುಮಾನ ಬಂದ ಮೇಲೆ ಸ್ಟ್ಯಾಂಡಿನ ಮೇಲಿನ ಸ್ಪಾಟಿಂಗ್ ಸ್ಕೋಪ್. ಅದು 20ರಿಂದ 60 ಪಟ್ಟು ದೊಡ್ಡದು ಮಾಡಿ ತೋರಿಸುತ್ತದೆ. ಗಂಡೋ ಹೆಣ್ಣೋ, ಪ್ರಾಯದ್ದೋ ಮರಿಯೋ, ಹಿಂದೆ ಇನ್ನೊಂದು ಪ್ರಾಣಿ ನಿಂತಿದೆಯೋ, ಎಲ್ಲ ಅದರಲ್ಲಿ ತೀರ್ಮಾನ. ಹೀಗೆ ಗಂಟೆಗಟ್ಟಲೆ, ಕೆಲವೊಮ್ಮೆ ದಿನಗಟ್ಟಲೆ. ಬಹಳ ಸಲ ಆ ತೀರ್ಮಾನ "ಇದು ಬೇಡ" ಎಂದೇ ಆಗಿರುತ್ತದೆ. ಅವನ ಕೈಯಲ್ಲಿರುವ ಪರವಾನಗಿ ಯಾವ ಪ್ರಾಣಿ, ಯಾವ ಪ್ರದೇಶ, ಯಾವ ದಿನಗಳು ಎಂದು ಹೇಳುತ್ತದೆ. ಅನೇಕ ಪ್ರದೇಶಗಳಲ್ಲಿ ಅದಕ್ಕೂ ಚೀಟಿ ಎತ್ತುತ್ತಾರೆ, ಹೆಸರು ಬರದಿದ್ದರೆ ಆ ವರ್ಷ ಮನೆಯಲ್ಲೇ ಇರಬೇಕು.

ಇನ್ನೊಂದು ಮಾತು. ಬಂದೂಕಿಗೆ ಕೂರಿಸಿದ ಸ್ಕೋಪಿನಲ್ಲಿ ಪ್ರಾಣಿ ಹುಡುಕಬಾರದು ಎಂಬುದು ಅಲ್ಲಿ ಹೊಸಬರಿಗೆ ಮೊದಲೇ ಹೇಳಿಕೊಡುವ ಪಾಠ. ಸ್ಕೋಪಿನಲ್ಲಿ ಏನನ್ನು ನೋಡುತ್ತೀರೋ ಅದರ ಕಡೆಗೇ ನಳಿಗೆ ತಿರುಗಿರುತ್ತದೆ. ಪೊದೆಯಲ್ಲಿ ಅಲುಗಿದ್ದು ಕುರಿ ಕಾಯುವವನ ತಲೆಯೂ ಆಗಿರಬಹುದು. ಅದಕ್ಕೇ ನೋಡಲು ಬೈನಾಕ್ಯುಲರ್ ಬೇರೆ, ಗುರಿಗೆ ಸ್ಕೋಪ್ ಬೇರೆ. ಸೂರ್ಯ ಹುಟ್ಟುವ ಅರ್ಧ ಗಂಟೆ ಮೊದಲಿನಿಂದ ಮುಳುಗಿದ ಅರ್ಧ ಗಂಟೆ ನಂತರದವರೆಗೆ ಮಾತ್ರ ಗುಂಡು ಹಾರಿಸಲು ಅವಕಾಶ. ಲೈಟು ಬಿಟ್ಟು ಜಿಂಕೆ ಹೊಡೆದರೆ ಅಲ್ಲೂ ಅಪರಾಧವೇ. 1966 ಅಥವಾ ಆಮೇಲೆ ಹುಟ್ಟಿದವರು ಆ ರಾಜ್ಯದಲ್ಲಿ ಬಂದೂಕಿನ ಬೇಟೆಗೆ ಇಳಿಯಬೇಕಾದರೆ ತರಬೇತಿ ಮುಗಿಸಿರಬೇಕು. ಬಂದೂಕು, ಮದ್ದುಗುಂಡಿನ ಮೇಲೆ 1937ರ ಒಂದು ಕಾನೂನಿನಂತೆ ಶೇ 10-11ರ ತೆರಿಗೆ ಬೀಳುತ್ತದೆ. ಆ ಹಣ ವನ್ಯಜೀವಿ ಕೆಲಸಕ್ಕೆ ಹೋಗುತ್ತದೆ. (ದುರ್ಬೀನಿಗೆ ಮಾತ್ರ ಆ ತೆರಿಗೆ ಇಲ್ಲ. ಅಲ್ಲಿ ಅದೂ ಒಂದು ಹಳೇ ತಕರಾರು.)

ಈಗ ನಮ್ಮ ಕಡೆ ನಡೆಯುವುದೇನು? ಅಮಾವಾಸ್ಯೆ ಹತ್ತಿರದ ರಾತ್ರಿ, ಜೀಪು ಅಥವಾ ಎರಡು ಬೈಕು, ಸರ್ಚ್‌ಲೈಟು. ಬೆಳಕಿಗೆ ಚಿಗರಿಯ ಕಣ್ಣು ಹೊಳೆಯುತ್ತವೆ. ಹೊಳೆದ ಕಡೆಗೆ ಗುಂಡು. ಗಂಡಾ, ಹೆಣ್ಣಾ, ಹೊಟ್ಟೆಯಲ್ಲಿ ಮರಿ ಇದೆಯಾ, ಹುಲ್ಲಿನ ಮರೆಯಲ್ಲಿ ಮರಿ ಮಲಗಿಸಿ ಬಂದ ತಾಯಿಯಾ, ಯಾರೂ ಕೇಳುವುದಿಲ್ಲ. ಚಿಗರಿ ಒಂದು ಸೂಲಿಗೆ ಹಾಕುವುದು ಸಾಮಾನ್ಯವಾಗಿ ಒಂದೇ ಮರಿ. ತಾಯಿ ಹೋದರೆ ಆ ಮರಿಯೂ ಹೋಯಿತು. ಇದಕ್ಕೆ ಅಮೆರಿಕದ ಉದಾಹರಣೆ ಕೊಡುವವರು ಆ ದೇಶದಿಂದ ಬಂದೂಕು ತೆಗೆದುಕೊಂಡಿದ್ದಾರೆ, ಗುಡ್ಡದ ಮೇಲೆ ಕೂರುವ ತಾಳ್ಮೆಯನ್ನು ಅಲ್ಲೇ ಬಿಟ್ಟು ಬಂದಿದ್ದಾರೆ. ಅವರು ತೋರಿಸುವ ವಿಡಿಯೊದ ಮನುಷ್ಯನೇ ಇದನ್ನು ನೋಡಿದರೆ ಪೊಲೀಸರಿಗೆ ಫೋನು ಮಾಡಿಯಾನು.

ಕಾನೂನಿನ ಮಾತಿಗೆ ಬರೋಣ, ಇದರಲ್ಲಿ ಸುಳ್ಳು ಸುದ್ದಿ ಬಹಳ ಓಡಾಡುತ್ತಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಚಿಗರಿ, ಅಂದರೆ ಕೃಷ್ಣಮೃಗ, ಮೊದಲನೇ ಪರಿಚ್ಛೇದದಲ್ಲಿದೆ. ಹುಲಿ, ಆನೆ ಇರುವ ಪಟ್ಟಿ ಅದು. ಕೊಂದದ್ದು ಸಾಬೀತಾದರೆ ಕನಿಷ್ಠ 3 ವರ್ಷ, ಗರಿಷ್ಠ 7 ವರ್ಷ ಜೈಲು. ಕನಿಷ್ಠ ದಂಡ 10 ಸಾವಿರ ಇತ್ತು, 2022ರ ತಿದ್ದುಪಡಿ 25 ಸಾವಿರಕ್ಕೆ ಏರಿಸಿದೆ. ಏರ್‌ಗನ್ನಿಗೆ ಲೈಸೆನ್ಸ್ ಬೇಡ, ಹಾಗಾಗಿ ಅದರಲ್ಲಿ ಹೊಡೆದರೆ ಕೇಸಿಲ್ಲ ಎನ್ನುವುದು ಶುದ್ಧ ಸುಳ್ಳು. ಬಂದೂಕು, ಏರ್‌ಗನ್, ಉರುಳು, ಬಲೆ, ಯಾವುದಾದರೂ ಬೇಟೆ ಬೇಟೆಯೇ. ಅಟ್ಟಿಸಿಕೊಂಡು ಹೋದದ್ದೂ, ಪ್ರಯತ್ನ ಮಾಡಿದ್ದೂ ಬೇಟೆಯ ವ್ಯಾಖ್ಯೆಯೊಳಗೆ ಬರುತ್ತದೆ.

"ನಾ ಹೊಡದಿಲ್ರಿ, ಬರೇ ದುರ್ಬೀನಿನ್ಯಾಗ ನೋಡಿ ತೋರಿಸಿದ್ನಿ" ಎನ್ನುವ ಹುಡುಗರು ಇದನ್ನು ಎರಡು ಸಲ ಓದಲಿ. ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಅಪರಾಧಕ್ಕೆ ಕುಮ್ಮಕ್ಕು ಕೊಟ್ಟವನೂ ಅಪರಾಧ ಮಾಡಿದವನೇ. ಪೇಟೆಯಿಂದ ಕಾರಿನಲ್ಲಿ ಬರುವ ಸಾಹುಕಾರರಿಗೆ ಚಿಗರಿ ಎಲ್ಲಿ ಮೇಯುತ್ತದೆ ಎಂದು ತೋರಿಸಲು ಸ್ಥಳದ ಹುಡುಗ ಬೇಕು. ಐನೂರು ರೂಪಾಯಿ, ಒಂದು ಬಾಟಲಿ, ಸ್ವಲ್ಪ ಮಾಂಸ. ಸಿಕ್ಕಿಬಿದ್ದ ದಿನ ಕಾರು ಇರುವವನಿಗೆ ವಕೀಲರು ಇರುತ್ತಾರೆ. ದಾರಿ ತೋರಿಸಿದವನ ಹೆಂಡತಿ ಜಾಮೀನಿಗೆ ಯಾರ ಪಹಣಿ ಸಿಕ್ಕೀತು ಎಂದು ಊರೆಲ್ಲ ತಿರುಗುತ್ತಾಳೆ. ವರದಿಗಾರಿಕೆಗೆಂದು ಕೋರ್ಟಿನ ಆವರಣದಲ್ಲಿ ನಿಂತಾಗ ಆ ಮುಖಗಳನ್ನು ನೋಡಿದ್ದೇನೆ. ಇಷ್ಟು ಸಿಟ್ಟಿನಿಂದ ಬರೆಯಲು ಅದೂ ಒಂದು ಕಾರಣ.

ರೈತರ ಮಾತನ್ನು ಮಾತ್ರ ಹೀಗೆ ತಳ್ಳಿಹಾಕಲು ಬರುವುದಿಲ್ಲ. ಗದಗ, ಕೊಪ್ಪಳ, ಹಾವೇರಿ ಕಡೆಯ ಎರೆಹೊಲಗಳಲ್ಲಿ ಚಿಗರಿ ಹಿಂಡು ಬಂದುಹೋದ ಮೇಲೆ ಹೆಸರು, ಶೇಂಗಾ, ಕಡಲೆಯ ಎಳೆ ಸಸಿ ಏನಾಗಿರುತ್ತದೆ ಎಂದು ಬಲ್ಲವರಿಗೆ ಗೊತ್ತು. ತಿಂದದ್ದಕ್ಕಿಂತ ತುಳಿದದ್ದು ಹೆಚ್ಚು. ಬೀಜ, ಗೊಬ್ಬರ, ಕೂಲಿ ಎಲ್ಲ ಎರಡನೇ ಸಲ. ರಾಣೆಬೆನ್ನೂರಿನ ಕೃಷ್ಣಮೃಗ ಅಭಯಾರಣ್ಯ 1974ರಲ್ಲಿ ಆಯಿತು, 119 ಚದರ ಕಿಲೋಮೀಟರ್. ಆದರೆ ಚಿಗರಿಗೆ ನಕ್ಷೆಯ ಗೆರೆ ಕಾಣುವುದಿಲ್ಲ. ಅಭಯಾರಣ್ಯವೇ ಇಲ್ಲದ ತಾಲ್ಲೂಕುಗಳಲ್ಲಿ ಅದು ರೈತನ ಹೊಲದಲ್ಲೇ ಹುಟ್ಟಿ, ಅಲ್ಲೇ ಬೆಳೆದು, ಅಲ್ಲೇ ಸಾಯುತ್ತದೆ. ದೇಶದ ಆಸ್ತಿಯನ್ನು ಐದೆಕರೆಯವನು ತನ್ನ ಖರ್ಚಿನಲ್ಲಿ ಸಾಕುತ್ತಿದ್ದಾನೆ.

"ಹಂಗಾದ್ರ ಹೊಡಿಯಾಕ ಪರ್ಮಿಷನ್ ಕೊಡ್ರಿ" ಎಂದು ಸಭೆಗಳಲ್ಲಿ ಕೂಗು ಏಳುತ್ತದೆ. ಮೊದಲನೇ ಪರಿಚ್ಛೇದದ ಪ್ರಾಣಿಯನ್ನು ಮನುಷ್ಯನ ಜೀವಕ್ಕೆ ಅಪಾಯವಿದ್ದರೆ, ಇಲ್ಲವೆ ಅದು ಗುಣವಾಗದಷ್ಟು ಗಾಯಗೊಂಡು ರೋಗ ಬಿದ್ದಿದ್ದರೆ ಮಾತ್ರ ಬೇಟೆಯಾಡಲು ಅನುಮತಿ ಸಿಗಬಹುದು. ಅದನ್ನೂ ಕೊಡಬೇಕಾದವರು ರಾಜ್ಯದ ಮುಖ್ಯ ವನ್ಯಜೀವಿ ಪರಿಪಾಲಕರು. ಬೆಳೆ ಹಾನಿ ಆ ಸಾಲಿನಲ್ಲಿ ಇಲ್ಲ. ಇದು ಗೊತ್ತಿದ್ದೂ "ನಾನು ಪರ್ಮಿಷನ್ ಕೊಡಿಸ್ತೀನಿ" ಎಂದು ಭಾಷಣ ಮಾಡುವ ಮುಖಂಡರು ರೈತನಿಗೆ ಟೋಪಿ ಹಾಕುತ್ತಿದ್ದಾರೆ. ರೈತನಿಗೆ ಈಗಲೇ ಸಿಗಬೇಕಾದದ್ದು ಪರಿಹಾರ. ಅದನ್ನು ಸರಿಯಾಗಿ ಕೊಡಿಸುವ ಕೆಲಸ ಬೇಸರದ್ದು, ಚಪ್ಪಾಳೆ ಬೀಳುವುದಿಲ್ಲ.

ನಾನು ದುರ್ಬೀನು ಕೇಳುವುದು ಈ ಜಾಗದಲ್ಲಿ.

ಪರಿಹಾರದ ಅರ್ಜಿ ಬೀಳುವುದು ಸಾಕ್ಷಿ ಇಲ್ಲದ್ದಕ್ಕೆ. ಬೆಳಗಾಗೆದ್ದು ರೈತ ನೋಡುವುದು ತುಳಿದ ಹೊಲವನ್ನು, ತುಳಿದವರನ್ನಲ್ಲ. ಪರಿಶೀಲನೆಗೆ ಬರುವಷ್ಟರಲ್ಲಿ ಕೆಲವು ಸಸಿ ಚಿಗುರಿರುತ್ತವೆ, ಉಳಿದದ್ದನ್ನು ಹರಗಿ ಮತ್ತೆ ಬಿತ್ತಿರುತ್ತಾರೆ. "ಚಿಗರಿ ಅನ್ನೋದಕ್ಕ ಏನ್ ಗುರುತು? ದನಾನೂ ಇರಬಹುದಲ್ಲ?" ಎಂದರೆ ರೈತನ ಬಾಯಿ ಕಟ್ಟಿತು. ವಲಯವೊಂದರ ದಿನಗೂಲಿ ಕಾವಲುಗಾರರೊಬ್ಬರನ್ನು ಕೇಳಿದೆ, "ಅಣ್ಣ, ನಿಮ್ಮ ಹತ್ರ ಏನೈತಿ?" ಅವರು ಒಂದು ಬಡಿಗೆ, ಒಂದು ಬ್ಯಾಟರಿ ತೋರಿಸಿದರು. ಬೈಕಿಗೆ ಪೆಟ್ರೋಲು ಸ್ವಂತದ್ದು. ರಾತ್ರಿ ಬರುವ ಕಳ್ಳನ ಬಂದೂಕಿನ ಮೇಲೆ ಸ್ಕೋಪ್ ಇರುತ್ತದೆ, ಕಾಯುವವನ ಕೊರಳಲ್ಲಿ ಟವೆಲ್ ಮಾತ್ರ.

8x42 ಎಂದು ಬರೆದಿರುವ ಸಾಧಾರಣ ಬೈನಾಕ್ಯುಲರ್ ಹತ್ತು ಸಾವಿರ ರೂಪಾಯಿಯೊಳಗೆ ಸಿಗುತ್ತದೆ. 8 ಅಂದರೆ ಎಂಟು ಪಟ್ಟು ಹತ್ತಿರ. 42 ಅಂದರೆ ಮುಂದಿನ ಗಾಜಿನ ಅಗಲ, ಮಿಲಿಮೀಟರಿನಲ್ಲಿ. ಗಾಜು ಅಗಲವಿದ್ದಷ್ಟೂ ನಸುಕಿನ ಮಂದ ಬೆಳಕಿನಲ್ಲಿ ಚೆನ್ನಾಗಿ ಕಾಣುತ್ತದೆ. ಹೆಚ್ಚು ಪಟ್ಟಿನದು ತಂದರೆ ಕೈ ನಡುಗಿ ಚಿತ್ರ ಕುಣಿಯುತ್ತದೆ, ಅದಕ್ಕೆ ಸ್ಟ್ಯಾಂಡು ಬೇಕಾಗುತ್ತದೆ. ಬಿಸಿಲೇರಿದ ಮೇಲೆ ನೆಲದ ಕಾವಿಗೆ ಎಲ್ಲ ನೀರಿನಂತೆ ಅಲುಗುತ್ತದೆ, ಆಗ ಎಂಥ ದುಬಾರಿ ಗಾಜೂ ನಿರುಪಯೋಗಿ. ಬೆಳಗಿನ ಮೊದಲ ಎರಡು ತಾಸು, ಸಂಜೆಯ ಕೊನೆಯ ಒಂದು ತಾಸು, ಅದೇ ಹೊತ್ತು. ಸೂರ್ಯನಿಗೆ ಬೆನ್ನು ಕೊಟ್ಟು ದಿಬ್ಬದ ಮೇಲೆ ಕೂರಬೇಕು. ಮೊಣಕೈ ಮೊಣಕಾಲಿಗೆ ಊರಿದರೆ ಕೈ ಅಲುಗದು. ಕಪ್ಪು ಮೈಯ ಕೊಂಬಿನ ಹೋರಿ ಎಷ್ಟು, ಕಂದು ಬಣ್ಣದ ಹೆಣ್ಣು ಎಷ್ಟು, ಮರಿ ಎಷ್ಟು, ಯಾವ ಸರ್ವೆ ನಂಬರಿನ ಹೊಲದಲ್ಲಿ, ಎಷ್ಟು ಗಂಟೆಗೆ. ನೋಟುಬುಕ್ಕಿನಲ್ಲಿ ಒಂದು ಸಾಲು ಸಾಕು. ಬೈನಾಕ್ಯುಲರಿನ ಒಂದು ಕಣ್ಣಿಗೆ ಮೊಬೈಲಿನ ಕ್ಯಾಮೆರಾ ಹಿಡಿದರೆ ಫೋಟೊ ಬರುತ್ತದೆ. ಒಳ್ಳೆಯದೇನೂ ಬರದು, ಆದರೆ ದನವಲ್ಲ ಎಂದು ಹೇಳಲು ಅಷ್ಟು ಸಾಕು. ಮೂವತ್ತು ದಿನದ ಅಂಥ ಪುಟವನ್ನು ಅರ್ಜಿಯ ಜೊತೆ ಇಟ್ಟರೆ ಮೇಜಿನ ಆಚೆ ಕೂತವರು ಬೇರೆ ಥರ ಮಾತಾಡಬೇಕಾಗುತ್ತದೆ.

"ದುರ್ಬೀನು ಹಂಚಿದರೆ ಬೇಟೆಗಾರರಿಗೇ ಅನುಕೂಲ" ಎಂದು ಗೆಳೆಯರೊಬ್ಬರು ತಕರಾರು ತೆಗೆದರು. ಬೇಟೆಗಾರರಿಗೆ ಅದು ಈಗಾಗಲೇ ಇದೆ, ಆನ್‌ಲೈನಿನಲ್ಲಿ ಮನೆ ಬಾಗಿಲಿಗೆ ಬರುತ್ತದೆ. ಇಲ್ಲದಿರುವುದು ನಮಗೆ. ಊರಿನ ಕಣ್ಣಿಗೆ ಎಷ್ಟು ಬಲ ಇದೆ ಎಂದು ನೋಡಬೇಕಾದರೆ ರಾಜಸ್ಥಾನದ ಜೋಧಪುರದ ಹತ್ತಿರದ ಕಾಂಕಾಣಿಯನ್ನು ನೆನೆಯಿರಿ. 1998ರ ಅಕ್ಟೋಬರ್ ರಾತ್ರಿ ಗುಂಡಿನ ಸದ್ದಿಗೆ ಎದ್ದು ಹೊರಬಂದವರು ಬಿಷ್ಣೋಯಿ ಹಳ್ಳಿಗರು. ನಟ ಸಲ್ಮಾನ್ ಖಾನ್ ವಿರುದ್ಧದ ಎರಡು ಕೃಷ್ಣಮೃಗಗಳ ಪ್ರಕರಣಕ್ಕೆ ಅವರ ಸಾಕ್ಷ್ಯವೇ ಆಧಾರವಾಯಿತು. 2018ರ ಏಪ್ರಿಲ್ 5ರಂದು ಜೋಧಪುರದ ನ್ಯಾಯಾಲಯ ಐದು ವರ್ಷ ಸಜೆ ಹೇಳಿತು. ಜೊತೆಗಿದ್ದ ಆರೋಪಿಗಳು ಬಿಡುಗಡೆಯಾದರು, ನಟನಿಗೆ ಎರಡು ದಿನದಲ್ಲಿ ಜಾಮೀನು ಸಿಕ್ಕಿತು, ವಿಷಯ ಮೇಲ್ಮನವಿಗೆ ಹೋಯಿತು. ಆದರೂ ಇಪ್ಪತ್ತು ವರ್ಷ ಆ ಹಳ್ಳಿಯವರು ತಾವು ಕಂಡದ್ದನ್ನು ಬಿಟ್ಟುಕೊಡಲಿಲ್ಲ.

ಹಿಂಗಾರಿ ಬಿತ್ತನೆಗೆ ಮೊದಲು ನಿಮ್ಮೂರಲ್ಲಿ ಗ್ರಾಮಸಭೆ ಆಗುತ್ತದೆ. ಬೀದಿ ದೀಪ, ಚರಂಡಿಯ ಜೊತೆಗೆ ಇದನ್ನೂ ಒಂದು ಠರಾವಿನಲ್ಲಿ ಬರೆಸಿ: ಚಿಗರಿ ಓಡಾಡುವ ಪ್ರತಿ ಊರಿಗೆ ಎರಡು ಬೈನಾಕ್ಯುಲರ್, ಒಂದು ಕಾವಲುಗಾರರಿಗೆ, ಇನ್ನೊಂದು ರೈತರ ಗುಂಪಿಗೆ. ಠರಾವಿನ ಒಂದು ಪ್ರತಿ ವಲಯ ಅರಣ್ಯಾಧಿಕಾರಿಗೆ ಕೊಟ್ಟು, ಮುಟ್ಟಿದ್ದಕ್ಕೆ ಸಹಿ ಹಾಕಿಸಿಕೊಳ್ಳುವುದನ್ನು ಮರೆಯಬೇಡಿ.