ತಳಿ ಕೇಳುವ ಮೊದಲು ಗೂಡು ನೋಡಿ



ಹಳ್ಳಿಯ ಸಭೆಗಳಲ್ಲಿ ಹಿತ್ತಲ ಕೋಳಿಯ ಮಾತು ಬಂದಾಗ ಮೊದಲು ಬರುವ ಪ್ರಶ್ನೆ, 'ಯಾವ ತಳಿ ತರೋಣ?' ಎಂಬುದು. ತಂದ ಕೋಳಿಯನ್ನು ರಾತ್ರಿ ಎಲ್ಲಿಡುತ್ತೀರಿ ಎಂದು ಕೇಳಿದರೆ ಬಿದಿರು ಕುಕ್ಕೆ, ಕೊಟ್ಟಿಗೆಯ ಮೂಲೆ, ಇಲ್ಲವೇ ನುಗ್ಗೆಮರ ಎಂಬ ಉತ್ತರ ಸಿಗುತ್ತದೆ. ಹಿತ್ತಲ ಕೋಳಿಯ ಲಾಭನಷ್ಟ ತೀರ್ಮಾನವಾಗುವುದು ತಳಿಗಿಂತ ಹೆಚ್ಚಾಗಿ ಈ ಉತ್ತರದಿಂದ ಎಂಬುದು ನನ್ನ ಖಚಿತ ಅಭಿಪ್ರಾಯ. ಹೆಬ್ಬಾಳದಲ್ಲಿ ರೂಪುಗೊಂಡ ಗಿರಿರಾಜ ಒಳ್ಳೆಯ ತಳಿಯೇ ಸರಿ. ಆದರೆ ಅದರ ಮೈ ಭಾರ. ನಾಟಿಯಂತೆ ಚಂಗನೆ ಹಾರಿ ತಪ್ಪಿಸಿಕೊಳ್ಳಲಾರದು. ಸುಧಾರಿತ ತಳಿ ತಂದವರಿಗಂತೂ ಗೂಡು ಇನ್ನೂ ಅಗತ್ಯ.

ಲೆಕ್ಕ ಹಾಕಿ ನೋಡಿ. ನಾಟಿ ಹೇಂಟೆ ಹತ್ತು ಹನ್ನೆರಡು ಮೊಟ್ಟೆಯ ಮೇಲೆ 21 ದಿನ ಕಾವು ಕೂರುತ್ತದೆ. ಆಮೇಲೆ ವಾರಗಟ್ಟಲೆ ಮರಿಗಳನ್ನು ಕಟ್ಟಿಕೊಂಡು ತಿರುಗುತ್ತದೆ. ಅಷ್ಟು ದಿನ ಮೊಟ್ಟೆಯಿಲ್ಲ. ಆ ಮರಿಗಳಲ್ಲಿ ಅರ್ಧ ಹದ್ದು ಕಾಗೆಗಳ ಪಾಲಾಗಿ, ಉಳಿದವನ್ನು ಮುಂಗುಸಿ ಎಳೆದರೆ ಹೇಂಟೆಯ ದುಡಿಮೆಯೆಲ್ಲ ಮಣ್ಣುಪಾಲು. ಮೊಟ್ಟೆ, ಹುಂಜ ಮಾರಿದ ಹಣ ಬಹುಮಟ್ಟಿಗೆ ಮನೆಯ ಹೆಣ್ಣುಮಕ್ಕಳ ಕೈಗಂಟು. ಮಕ್ಕಳ ಪುಸ್ತಕ, ಔಷಧಿ, ಉಪ್ಪು, ಎಣ್ಣೆ ಅದರಿಂದಲೇ ನಡೆಯುತ್ತದೆ. ಆದ್ದರಿಂದಲೋ ಏನೋ, ಈ ನಷ್ಟ ಯಜಮಾನರ ಲೆಕ್ಕಕ್ಕೆ ಬರುವುದಿಲ್ಲ. ಟೊಮೆಟೊ ತೋಟಕ್ಕೆ ತಂತಿಬೇಲಿ ಇರುವ ಮನೆಯಲ್ಲೂ ಕೋಳಿಗೂಡಿಗೆ ಬಾಗಿಲಿರುವುದಿಲ್ಲ.

ಕಳ್ಳನನ್ನು ಗುರುತಿಸಿ

ಮುಂಗುಸಿ ಹಗಲುಗಳ್ಳ. ನೀವು ಹೊಲದಲ್ಲಿರುವಾಗಲೇ ಬೇಲಿಯ ಬುಡದಿಂದ ನುಸುಳಿ ಬರುತ್ತದೆ. ಕಾಡುಬೆಕ್ಕು, ಪುನುಗಿನ ಬೆಕ್ಕು, ನರಿ ಹೆಚ್ಚಾಗಿ ಕತ್ತಲಲ್ಲಿ ಬರುತ್ತವೆ. ಮರ ಹತ್ತುವ ಬೆಕ್ಕುಗಳಿರುವ ಕಡೆ ಮರದ ಮೇಲೆ ಕೂತ ಕೋಳಿಯೂ ಕ್ಷೇಮವಲ್ಲ. ಬೀದಿನಾಯಿ ಹಲವನ್ನು ಕೊಂದು ಅಲ್ಲಿಯೇ ಬಿಟ್ಟುಹೋಗುವುದುಂಟು. ಮೊಟ್ಟೆ, ಮರಿ ಸದ್ದಿಲ್ಲದೆ, ಚೂರೂ ಉಳಿಯದೆ ಮಾಯವಾದರೆ ಹಾವಿನ ಅನುಮಾನ ಇಟ್ಟುಕೊಳ್ಳಿ. ಗೋಡೆಬದಿಯಲ್ಲಿ ಬಿಲವಿದ್ದರೆ ಹೆಗ್ಗಣವನ್ನೂ ಮರೆಯಬೇಡಿ.

ಗೂಡು ಹೀಗಿರಲಿ

ಹತ್ತು ಕೋಳಿಗಳ ರಾತ್ರಿ ತಂಗಲಿಗೆ 4 ಅಡಿ ಉದ್ದ, 3 ಅಡಿ ಅಗಲದ ಗೂಡು ಸಾಕು. ನೆಲದಿಂದ ಎರಡು ಎರಡೂವರೆ ಅಡಿ ಎತ್ತರಕ್ಕೆ ನಾಲ್ಕು ಕಂಬದ ಮೇಲೆ ನಿಲ್ಲಿಸಿ. ಕಂಬಗಳಿಗೆ ಹಳೆಯ ಡಬ್ಬದ ತಗಡು ಸುತ್ತಿದರೆ ಇಲಿ, ಬೆಕ್ಕು ಹತ್ತುವುದು ಕಷ್ಟ. ತಳಕ್ಕೆ ಬಿದಿರು ಪಟ್ಟಿ ಹಾಕುವುದಾದರೆ ಅರ್ಧ ಅಂಗುಲಕ್ಕಿಂತ ಹೆಚ್ಚು ಸಂದು ಬೇಡ.

ಜಾಲರಿಯ ವಿಷಯದಲ್ಲಿ ಉಳಿತಾಯ ಮಾಡಬೇಡಿ. ಅಂಗಡಿಯಲ್ಲಿ ಅಗ್ಗಕ್ಕೆ ಸಿಗುವ ಆರು ಮೂಲೆ ಕಣ್ಣಿನ ಕೋಳಿಬಲೆ ಕೋಳಿ ಹೊರಹೋಗದಂತೆ ತಡೆಯುತ್ತದೆಯೇ ಹೊರತು ನಾಯಿ ಒಳಬರುವುದನ್ನು ತಡೆಯಲಾರದು. ಬೆಸುಗೆ ಹಾಕಿದ ಅರ್ಧ ಅಂಗುಲ ಕಣ್ಣಿನ ಕಬ್ಬಿಣದ ಜಾಲರಿಯನ್ನೇ ತನ್ನಿ. ಬಾಗಿಲಿಗೆ ಅಗುಳಿಯ ಜೊತೆಗೆ ಕೊಕ್ಕೆಯೂ ಇರಲಿ.

ಹಗಲು ಅಡ್ಡಾಡುವ ಅಂಗಳದ ಬೇಲಿಯ ಬುಡದಲ್ಲಿ ಜಾಲರಿಯನ್ನು ಒಂದಡಿ ಹೊರಮುಖವಾಗಿ ಮಡಚಿ, ಮಣ್ಣು ಮುಚ್ಚಿ ಕಲ್ಲು ಹೇರಿ. ಕೆದಕುವ ಪ್ರಾಣಿ ಬೇಲಿಯ ಬುಡದಲ್ಲೇ ಕೆದಕುತ್ತದೆ. ಅಲ್ಲಿ ಜಾಲರಿ ಸಿಕ್ಕಿದರೆ ಮುಂದುವರಿಯುವುದು ಕಷ್ಟ. ಮೇಲೆ ಹಳೆಯ ಮೀನುಬಲೆ ಹರಡಿದರೆ ಹದ್ದಿನ ಕಾಟ ತಪ್ಪುತ್ತದೆ. ಎರಡು ತಿಂಗಳವರೆಗಿನ ಮರಿಗಳನ್ನು ಈ ಬಲೆಯಡಿಯಲ್ಲೇ ಬಿಡಿ. ಸುತ್ತಲಿನ ಪೊದೆ ಸವರಿ, ಚೆಲ್ಲಿದ ಕಾಳನ್ನು ಸಂಜೆ ಗುಡಿಸಿ. ಕಾಳಿಗೆ ಇಲಿ ಬರುತ್ತದೆ, ಇಲಿಗೆ ಹಾವು ಬರುತ್ತದೆ.

ವಿಷ ಬೇಡ

ಕೋಳಿ ಹೋದ ಸಿಟ್ಟಿಗೆ ಮಾಂಸದ ತುಂಡಿಗೆ ಕೀಟನಾಶಕ ಬೆರೆಸಿ ಇಡುವವರಿದ್ದಾರೆ. ಬೇಲಿಗೆ ಮನೆಯ ಕರೆಂಟ್ ಹಾಯಿಸುವವರೂ ಇದ್ದಾರೆ. ಎರಡನ್ನೂ ನಾನು ಖಂಡಿಸುತ್ತೇನೆ. ಆ ತುಂಡನ್ನು ನಿಮ್ಮ ನಾಯಿಯೋ ನೆರೆಯವರ ನಾಯಿಯೋ ಮೊದಲು ತಿಂದೀತು. ಆ ತಂತಿಯನ್ನು ಮಗು ಮುಟ್ಟೀತು. ಮುಂಗುಸಿ, ಕಾಡುಬೆಕ್ಕು, ನರಿ, ನಾಗರಹಾವುಗಳಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಿದೆ, ಕೊಂದರೆ ಶಿಕ್ಷೆಯಾಗುತ್ತದೆ. ಇವೆಲ್ಲ ಇಲಿ ಹೆಗ್ಗಣ ತಿನ್ನುವ ಜೀವಿಗಳು. ಇಂದು ಮುಂಗುಸಿಯನ್ನು ಕೊಂದವರು ನಾಳೆ ರಾಗಿ ಕಣದಲ್ಲಿ ಇಲಿ ಎಣಿಸಬೇಕಾದೀತು. ಒಂದು ಮುಂಗುಸಿ ಸತ್ತರೂ ಗೂಡಿನ ಸಂದು ಹಾಗೆಯೇ ಇರುತ್ತದೆ, ಇನ್ನೊಂದು ಬರುತ್ತದೆ.

ಮರಿ ಹಂಚುವವರು ಯಾರೇ ಆಗಲಿ, ಮೊದಲು ಹಿತ್ತಲಿಗೆ ಹೋಗಿ ಗೂಡು ನೋಡಿ, ಆಮೇಲೆ ಮರಿ ಕೊಡಬೇಕು. ಸ್ತ್ರೀಶಕ್ತಿ ಸಂಘಗಳು ಕೋಳಿಗೆಂದು ಸಾಲ ಕೊಡುವಾಗ ಗೂಡಿನ ಖರ್ಚನ್ನೂ ಸೇರಿಸಿ ಕೊಡಲಿ. ಊರಿನ ಬಡಗಿಯೇ ಇದನ್ನು ಮಾಡಬಲ್ಲ. ಮುಂದಿನ ಸಂತೆಯಲ್ಲಿ ಮರಿ ಕೊಳ್ಳಬೇಕೆಂದಿರುವವರು ಈ ವಾರವೇ ಗೂಡಿನ ಕೆಲಸಕ್ಕೆ ಕೈಹಚ್ಚಿ. ಗೂಡಾದ ಮೇಲೆ ಪ್ರತಿ ಸಂಜೆ ಹೊತ್ತು ಮುಳುಗುವ ಮೊದಲೇ ಕೋಳಿಗಳನ್ನು ಎಣಿಸಿ ಒಳಗೆ ಹಾಕಿ, ಅಗುಳಿ ಬಿಗಿದು, ಆಮೇಲೆ ಊಟಕ್ಕೆ ಕೂರಿ.